ಕತ್ತರಿಸಿದರೂ ಕಾರ್ಟ್ರಿಡ್ಜ್‌ನಲ್ಲೇ ಉಳಿದವು

(ಗೇಮ್ ಡಿಸೈನ್ ಕಲಿಯುತ್ತಿರುವ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಬಿಟ್ಟಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸೋನಿಕ್ ಎಂಬ ನೀಲಿ ಮುಳ್ಳುಹಂದಿ ಓಡುವ ‘ಸೋನಿಕ್ 2’ ಗೇಮ್ ಆಡಿದವರಿಗೆ ಮಿಸ್ಟಿಕ್ ಕೇವ್ ಝೋನ್ ಎಂಬ ಲೆವೆಲ್‌ನ ಎರಡನೇ ಭಾಗದ ಒಂದು ಗುಂಡಿ ನೆನಪಿರಲೇಬೇಕು. ಸ್ವಲ್ಪ ಎಚ್ಚರ ತಪ್ಪಿದರೆ ಸೋನಿಕ್ ಅದರೊಳಗೆ ಬೀಳುತ್ತಾನೆ. ತಳದಲ್ಲಿ ಮುಳ್ಳುಗಳಿವೆ. ಎಷ್ಟು ಹಾರಿದರೂ ಮೇಲೆ ಬರಲಾಗುವುದಿಲ್ಲ. ಸೂಪರ್ ಸೋನಿಕ್ ಆಗಿ, ಅಂದರೆ ಉಂಗುರಗಳನ್ನು ಖರ್ಚು ಮಾಡುತ್ತಾ ಉಳಿಯುವ ಅವನ ಶಕ್ತಿಶಾಲಿ ರೂಪದಲ್ಲಿ, ಬಿದ್ದವರ ಪಾಡು ಇನ್ನೂ ಕಷ್ಟ. ಅವನಿಗೆ ಮುಳ್ಳು ತಾಕುವುದಿಲ್ಲವಲ್ಲ, ಕೈಯಲ್ಲಿರುವ ಉಂಗುರಗಳೆಲ್ಲ ಖಾಲಿಯಾಗುವ ತನಕ ಅಲ್ಲೇ ನಿಂತಿರಬೇಕು. 1992ರ ನವೆಂಬರ್‌ನಲ್ಲಿ ಬಂದ ಗೇಮ್ ಇದು. 2013ರ ಡಿಸೆಂಬರ್‌ನಲ್ಲಿ ಅದರ ಕಂಪನಿ ಸೆಗಾ ಇದನ್ನು ಮೊಬೈಲ್‌ಗೆ ಹೊಸದಾಗಿ ತಂದಾಗ ಆ ಗುಂಡಿಗೆ ಬಿದ್ದ ಹಳೆಯ ಆಟಗಾರರು ಬೆರಗಾದರು. ಅಲ್ಲಿಂದ ಕೆಳಗೆ ದಾರಿ ಇತ್ತು. ಆ ದಾರಿ ಹಿಡನ್ ಪ್ಯಾಲೇಸ್ ಝೋನ್‌ಗೆ ಹೋಗುತ್ತಿತ್ತು.

ಹಿಡನ್ ಪ್ಯಾಲೇಸ್ 1992ರಲ್ಲೇ ಬರಬೇಕಾಗಿದ್ದ ಲೆವೆಲ್. ಗೇಮ್ ಬಿಡುಗಡೆಗೆ ಮುಂಚೆ ಅದರ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಹಸಿರು, ನೇರಳೆ ಹರಳುಗಳ ಗುಹೆ. ಗೇಮ್ ತುಂಬಿದ ಪ್ಲಾಸ್ಟಿಕ್ ಡಬ್ಬಿ, ಅಂದರೆ ಕಾರ್ಟ್ರಿಡ್ಜ್, ಕೈಗೆ ಬಂದಾಗ ಆ ಲೆವೆಲ್ ಇರಲಿಲ್ಲ. ಆದರೆ ಗೇಮ್‌ನ ಸಂಗೀತ ಕೇಳಿ ನೋಡುವ ಸೌಂಡ್ ಟೆಸ್ಟ್ ಮೆನುವಿನಲ್ಲಿ 10ನೇ ನಂಬರ್ ಒತ್ತಿದರೆ ಯಾವ ಲೆವೆಲ್‌ನಲ್ಲೂ ಕೇಳಿಸದ ಒಂದು ರಾಗ ಬರುತ್ತಿತ್ತು. ಇದು ಆ ಲೆವೆಲ್‌ನದ್ದೇ ಇರಬೇಕು ಎಂದು ಮಕ್ಕಳು ಮಾತಾಡಿಕೊಂಡರು. ತೊಂಬತ್ತರ ದಶಕದ ಕೊನೆಯಲ್ಲಿ ಅಪೂರ್ಣ ಹಂತದ ಒಂದು ಪ್ರೊಟೊಟೈಪ್ ಇಂಟರ್ನೆಟ್‌ಗೆ ಬಂತು. ಅದರಲ್ಲಿ ಹಿಡನ್ ಪ್ಯಾಲೇಸ್‌ನೊಳಗೆ ಸ್ವಲ್ಪ ದೂರ ಓಡಾಡಬಹುದಾಗಿತ್ತು. ಅಂಥ ಅಭಿಮಾನಿಗಳ ನಡುವಿನಿಂದಲೇ ಬಂದ ಪ್ರೋಗ್ರಾಮರ್‌ಗಳು ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಸೈಮನ್ ಥಾಮ್ಲಿ. ಸೆಗಾ ಅವರಿಗೇ ಮೊಬೈಲ್ ಆವೃತ್ತಿಯ ಕೆಲಸ ಕೊಟ್ಟಿತು. ಉಳಿದಿದ್ದ ತುಣುಕುಗಳ ಮೇಲೆ ಅವರು ಪೂರ್ತಿ ಲೆವೆಲ್ ಕಟ್ಟಿದರು. ಬಾಗಿಲು ಎಲ್ಲಿಡಬೇಕು ಎಂದು ಯೋಚಿಸಿ ಆ ಗುಂಡಿಯನ್ನೇ ಆರಿಸಿಕೊಂಡರು. ಇಪ್ಪತ್ತು ವರ್ಷ ಎಲ್ಲರೂ ಶಪಿಸಿದ ಜಾಗ ಅದು. ಆಟಗಾರರ ಮೇಲೆ ಅವರಿಗಿದ್ದ ಪ್ರೀತಿ ನನಗೆ ಆ ಆಯ್ಕೆಯಲ್ಲಿ ಕಾಣುತ್ತದೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟು. ಗೇಮ್ ಮಾಡುವಾಗ ಕತ್ತರಿಸುವುದು ಸಹಜ, ಅಗತ್ಯ. ಬಹಳ ಸಲ ಒಳ್ಳೆಯದೂ ಹೌದು. ಆದರೆ ಕತ್ತರಿಸಿದ ಭಾಗವೂ ಆ ಗೇಮ್‌ನ ಚರಿತ್ರೆಯೇ. ಯಾರೋ ಅದನ್ನು ಕೂತು ಮಾಡಿದ್ದಾರೆ, ಇನ್ಯಾರೋ ಒಂದು ಕಾರಣಕ್ಕೆ ಬೇಡ ಎಂದಿದ್ದಾರೆ. ಅದನ್ನು ಕಾಪಾಡುವ ಕೆಲಸ ಗೇಮ್ ಮಾಡಿದ ಕಂಪನಿಗಳದ್ದೇ. ಅವು ಮಾಡದಿದ್ದಾಗ ಅಭಿಮಾನಿಗಳು ಮಾಡುತ್ತಾರೆ, ಕೆಲವೊಮ್ಮೆ ಕಳ್ಳರು ಮಾಡುತ್ತಾರೆ.

ಮೊದಲು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ: ಬೇಡವಾದದ್ದನ್ನು ಪೂರ್ತಿ ಅಳಿಸಿಯೇ ಬಿಡಬಹುದಲ್ಲ, ಯಾಕೆ ಉಳಿಸುತ್ತಾರೆ?

ಇದಕ್ಕೆ ಪೊಕೆಮಾನ್ ಎಂಬ ಜೀವಿಗಳನ್ನು ಹಿಡಿದು ಬೆಳೆಸುವ ‘ಪೊಕೆಮಾನ್’ ಗೇಮ್‌ಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಅದರ ಮೊದಲ ಆವೃತ್ತಿಗಳಾದ ‘ರೆಡ್’ ಮತ್ತು ‘ಗ್ರೀನ್’ ಬಂದವು. ಆಟಗಾರರಿಗೆ ಕಾಣುವ ಪಟ್ಟಿಯಲ್ಲಿ ಬಲ್ಬಸಾರ್ 1ನೇ ನಂಬರ್. ಆದರೆ ಗೇಮ್ ತನ್ನೊಳಗೆ ಬಳಸುವ ಪಟ್ಟಿಯೇ ಬೇರೆ. ಅಲ್ಲಿ 1ನೇ ನಂಬರ್ ರೈಡಾನ್, 2 ಕಂಗಸ್ಕಾನ್. ಆ ಪಟ್ಟಿಯಲ್ಲಿ ಒಟ್ಟು 190 ಸ್ಥಾನಗಳಿವೆ, ಪೊಕೆಮಾನ್‌ಗಳು 151. ಮಿಕ್ಕ 39 ಸ್ಥಾನ ಖಾಲಿ. ಆ ಖಾಲಿ ಸ್ಥಾನಗಳಿಗೆಲ್ಲ ಒಂದೇ ಹೆಸರು, ‘ಮಿಸಿಂಗ್‌ನೋ’. ಸಿನಬಾರ್ ದ್ವೀಪದ ದಡದಲ್ಲಿ ಈಜಾಡಿ ಆ ವಿಚಿತ್ರ ಚೌಕಗಳ ರಾಶಿಯನ್ನು ಕಂಡವರು ನಿಮ್ಮಲ್ಲೂ ಇರಬಹುದು. ಅದು ದೆವ್ವವೂ ಅಲ್ಲ, ಗುಪ್ತ ಪೊಕೆಮಾನ್ ಕೂಡ ಅಲ್ಲ. ಗೇಮ್ ಖಾಲಿ ಸ್ಥಾನವೊಂದನ್ನು ಓದಿ, ಸಿಕ್ಕಿದ್ದನ್ನು ತೆರೆಗೆ ತಂದಿದೆ.

ಆ ಸ್ಥಾನಗಳನ್ನು ಯಾಕೆ ತೆಗೆದು ಹಾಕಲಿಲ್ಲ? ಒಂದು ಬೀದಿಯಲ್ಲಿ ನಡುವಿನ ಮನೆ ಕೆಡವಿದರೆ ಉಳಿದ ಮನೆಗಳ ನಂಬರ್ ಬದಲಾಯಿಸುವುದಿಲ್ಲ. ಬದಲಾಯಿಸಿದರೆ ಅಂಚೆಯವನಿಂದ ಹಿಡಿದು ಕರೆಂಟ್ ಬಿಲ್ ತನಕ ಎಲ್ಲ ತಪ್ಪುತ್ತದೆ. ಗೇಮ್‌ನ ಒಳಗೂ ಹಾಗೇ. ಚಿತ್ರ ಎಲ್ಲಿದೆ, ಕೂಗು ಯಾವುದು, ಯಾವ ಹಂತದಲ್ಲಿ ಯಾವ ದಾಳಿ ಕಲಿಯುತ್ತದೆ ಎಂಬುದೆಲ್ಲ ಆ ನಂಬರಿಗೇ ಗಂಟು ಬಿದ್ದಿರುತ್ತದೆ. ಒಂದನ್ನು ಕಿತ್ತು ಮಿಕ್ಕವನ್ನು ಮುಂದೆ ಸರಿಸಿದರೆ ನೂರು ಕಡೆ ತಪ್ಪಾಗಬಹುದು, ಆ ತಪ್ಪು ಹುಡುಕಲು ಯಾರಿಗೂ ಸಮಯವಿರುವುದಿಲ್ಲ. ಅದಕ್ಕೇ ಸ್ಥಾನ ಇಟ್ಟು, ಹೆಸರು ಅಳಿಸಿ, ಮುಂದೆ ಹೋಗುತ್ತಾರೆ. ಎಲ್ಲವನ್ನೂ ಅಳಿಸುವುದೂ ಇಲ್ಲ. ಆ ಖಾಲಿ ಸ್ಥಾನಗಳಲ್ಲಿ ಹಲವಕ್ಕೆ ಕೂಗಿನ ಮಾಹಿತಿ ಹಾಗೇ ಉಳಿದಿದೆ. ಆ ಪ್ರಾಣಿಗಳು ಹೇಗಿದ್ದವು ಎಂಬುದು ಕಾರ್ಟ್ರಿಡ್ಜ್‌ನಲ್ಲಿ ಇಲ್ಲ. ಹೇಗೆ ಕೂಗುತ್ತಿದ್ದವು ಎಂಬುದು ಇದೆ. ನಾನು ಅವನ್ನು ಒಂದೊಂದಾಗಿ ಕೇಳಿದ್ದೇನೆ. ಅರೆ ಸೆಕೆಂಡಿನ ಕಿರ್ ಎನ್ನುವ ಸದ್ದುಗಳು ಅಷ್ಟೆ. ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಅದೇ ಕಾರ್ಟ್ರಿಡ್ಜ್‌ನಲ್ಲಿ ಇದಕ್ಕೆ ಉಲ್ಟಾ ನಡೆದ ಕಥೆಯೂ ಇದೆ. ಕೆಲಸವೆಲ್ಲ ಮುಗಿದು, ಪರೀಕ್ಷೆಗೆಂದು ಇಟ್ಟಿದ್ದ ಡೀಬಗ್ ಕೋಡ್ ತೆಗೆದಾಗ ಸುಮಾರು 300 ಬೈಟ್ ಜಾಗ ಉಳಿಯಿತು. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಆ ಜಾಗಕ್ಕೆ ‘ಮ್ಯೂ’ ಸೇರಿಸಿದರು. 300 ಬೈಟ್ ಎಂದರೆ ಎಷ್ಟು? ಇವತ್ತು ಫೋನಿನಲ್ಲಿ ಕನ್ನಡ ಟೈಪ್ ಮಾಡಿದರೆ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಅಲ್ಲಿಗೆ ನೂರು ಚಿಹ್ನೆ, ಅಂದರೆ ಎರಡು ಸಾಲಿನ ಮೆಸೇಜು. ಅಷ್ಟರಲ್ಲಿ ಒಂದು ಜೀವಿ! ಆಟದ ದಾರಿಯಲ್ಲಿ ಅದು ಯಾರಿಗೂ ಸಿಗುವ ಹಾಗಿರಲಿಲ್ಲ. ಬಗ್‌ಗಳಿಂದಾಗಿ ಕೆಲವರಿಗೆ ಕಾಣಿಸಿತು, ಸುದ್ದಿ ಹಬ್ಬಿತು. ಕೊನೆಗೆ ‘ಕೊರೊಕೊರೊ’ ಪತ್ರಿಕೆ 20 ಜನರಿಗೆ ಮ್ಯೂ ಕೊಡುತ್ತೇವೆ ಎಂದು ಪ್ರಕಟಿಸಿದಾಗ ಸುಮಾರು 78,000 ಮಂದಿ ಬರೆದರು. ಬಳಸದೆ ಬಿಟ್ಟ ವಸ್ತುವೊಂದು ಗೇಮ್‌ನ ಹಣೆಬರಹವನ್ನೇ ತಿದ್ದಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

1997ರ ‘ಗೋಲ್ಡನ್‌ಐ 007’ನಲ್ಲಿ ಇನ್ನೊಂದು ಬಗೆ ಇದೆ. ಅದನ್ನು ಮಾಡಿದ ಬ್ರಿಟನ್ನಿನ ರೇರ್ ಕಂಪನಿ ಎಂಬತ್ತರ ದಶಕದಲ್ಲಿ ಬೇರೆ ಹೆಸರಿನಲ್ಲಿ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿಗೆ ಗೇಮ್ ಮಾಡುತ್ತಿತ್ತು. ಆ ಹಳೆಯ ಗೇಮ್‌ಗಳು ನಿಂಟೆಂಡೊ 64 ಎಂಬ ಗೇಮ್ ಯಂತ್ರದಲ್ಲಿ ಓಡುತ್ತವೆಯೇ ಎಂದು ಒಬ್ಬರು ಪರೀಕ್ಷಿಸಿದ್ದ ಎಮ್ಯುಲೇಟರ್ (ಒಂದು ಯಂತ್ರದ ಗೇಮ್ ಅನ್ನು ಇನ್ನೊಂದರಲ್ಲಿ ಓಡಿಸುವ ಪ್ರೋಗ್ರಾಂ), ಹತ್ತು ಗೇಮ್‌ಗಳ ಸಮೇತ, ‘ಗೋಲ್ಡನ್‌ಐ’ ಕಾರ್ಟ್ರಿಡ್ಜ್‌ನಲ್ಲೇ ಉಳಿದುಬಿಟ್ಟಿತ್ತು. ಹೊರಗಿನವರಿಗೆ ಅದು ತಿಳಿದದ್ದು 2012ರಲ್ಲಿ.

ಈಗ ಯಾಕೆ ಕತ್ತರಿಸುತ್ತಾರೆ ಎಂಬುದಕ್ಕೆ ಬರೋಣ. ಜಾಗ, ಹಣ, ಗಡುವು ಇವೆಲ್ಲ ನಿಮಗೆ ಗೊತ್ತಿರುವುದೇ. ಅದರಾಚೆಗೂ ಕಾರಣಗಳಿವೆ. ‘ಮೆಟಲ್ ಗಿಯರ್ ಸಾಲಿಡ್ 2’ರ ಕೊನೆಯಲ್ಲಿ ದೊಡ್ಡ ಯುದ್ಧನೌಕೆಯೊಂದು ಮ್ಯಾನ್‌ಹಟನ್‌ಗೆ ನುಗ್ಗಿ ಕಟ್ಟಡಗಳನ್ನು ಕೆಡಹುವ ದೃಶ್ಯವಿತ್ತು. ಗೇಮ್ ಹೊರಬರಬೇಕಿದ್ದದ್ದು 2001ರ ನವೆಂಬರ್‌ನಲ್ಲಿ. ಸೆಪ್ಟೆಂಬರ್ 11ರಂದು ನಡೆದದ್ದರ ನಂತರ ಆ ದೃಶ್ಯ ಹೋಯಿತು. ಹಾಗಾಗಿ ಗೇಮ್‌ನಲ್ಲಿ ನೌಕೆಯ ಮೇಲಿದ್ದವರು ಇದ್ದಕ್ಕಿದ್ದಂತೆ ಫೆಡರಲ್ ಹಾಲ್ ಕಟ್ಟಡದ ಛಾವಣಿಯ ಮೇಲೆ ನಿಂತಿರುತ್ತಾರೆ. ಅಲ್ಲಿ ಕತೆ ಜಿಗಿದದ್ದಕ್ಕೆ ಬರಹಗಾರರನ್ನು ದೂರುವ ಹಾಗಿಲ್ಲ.

ರೇರ್‌ನದೇ ‘ಬ್ಯಾಂಜೊ-ಕಝೂಯಿ’, 1998ರದು, ಯಂತ್ರದ ಕಾರಣಕ್ಕೆ ಪೆಟ್ಟು ತಿಂದಿತು. ಆ ಗೇಮ್‌ನಲ್ಲಿ ಕೈಗೆ ಎಟುಕದ ಬಣ್ಣದ ಮೊಟ್ಟೆಗಳೂ ಒಂದು ಮಂಜುಗಡ್ಡೆಯ ಕೀಲಿಯೂ ಇದ್ದವು. ಮುಂದಿನ ಗೇಮ್‌ನಲ್ಲಿ ಇವು ಉಪಯೋಗಕ್ಕೆ ಬರುತ್ತವೆ ಎಂದು ಕೊನೆಯಲ್ಲಿ ಚಿತ್ರ ತೋರಿಸಿ ಹೇಳಿದ್ದರು. ಅವರ ಯೋಜನೆ ಕೇಳಿದರೆ ನಂಬಲಾಗುವುದಿಲ್ಲ. ಯಂತ್ರ ಆಫ್ ಮಾಡಿದ ಮೇಲೂ ಮೆಮೊರಿಯಲ್ಲಿ ಕೆಲವು ಸೆಕೆಂಡು ಮಾಹಿತಿ ಉಳಿಯುತ್ತದೆ. ಅಷ್ಟರಲ್ಲಿ ಒಂದು ಕಾರ್ಟ್ರಿಡ್ಜ್ ತೆಗೆದು ಇನ್ನೊಂದು ಹಾಕಿ ಆನ್ ಮಾಡಿದರೆ ಎರಡನೇ ಗೇಮ್ ಆ ಮಾಹಿತಿಯನ್ನು ಓದಿಕೊಳ್ಳಬೇಕು! ಆಮೇಲಿನ ನಿಂಟೆಂಡೊ 64 ಯಂತ್ರಗಳಲ್ಲಿ ಆ ಅವಧಿ ತೀರಾ ಕಡಿಮೆಯಾಯಿತು, ಯೋಜನೆ ಕೈಬಿಟ್ಟರು. ಮಾತು ಕೊಟ್ಟದ್ದು ಮಾತ್ರ ಕಾರ್ಟ್ರಿಡ್ಜ್‌ನಲ್ಲಿ ಅಚ್ಚಾಗಿ ಹೋಗಿತ್ತು. ಹತ್ತು ವರ್ಷದ ನಂತರ, ಎರಡೂ ಗೇಮ್‌ಗಳು ಎಕ್ಸ್‌ಬಾಕ್ಸ್‌ಗೆ ಬಂದಾಗ, ಅದನ್ನು ಉಳಿಸಿಕೊಂಡರು.

‘ಜೆಲ್ಡಾ: ವಿಂಡ್ ವೇಕರ್’ನಲ್ಲಿ ಎರಡು ಡಂಜನ್‌ಗಳನ್ನು, ಅಂದರೆ ಒಗಟು ಬಿಡಿಸುತ್ತಾ ಶತ್ರುಗಳೊಡನೆ ಹೋರಾಡುವ ಗುಹೆಯಂಥ ತಾಣಗಳನ್ನು, ಸಮಯ ಸಾಲದೆ ಬಿಟ್ಟರು. ಕೊನೆಯ ಭಾಗದಲ್ಲಿ ಸಮುದ್ರದಲ್ಲಿ ಅಲೆದಾಡಿಸುವ, ಟ್ರೈಫೋರ್ಸ್ ಎಂಬ ಮಾಂತ್ರಿಕ ವಸ್ತುವಿನ ಚೂರುಗಳ ಹುಡುಕಾಟ ಬೇಸರ ತರಿಸುತ್ತದೆ ಎಂದು ಆಟಗಾರರು ದೂರಿದರು. 2013ರ ಎಚ್‌ಡಿ ಆವೃತ್ತಿಯಲ್ಲಿ ಅದನ್ನು ಚಿಕ್ಕದು ಮಾಡಿದರು, ಆದರೆ ಬಿಟ್ಟ ಡಂಜನ್‌ಗಳನ್ನು ವಾಪಸ್ ತರಲಿಲ್ಲ. ಅವುಗಳ ಯೋಚನೆಗಳನ್ನು ಆಗಲೇ ಬೇರೆ ಜೆಲ್ಡಾ ಗೇಮ್‌ಗಳಲ್ಲಿ ಬಳಸಿಯಾಗಿದೆ ಎಂದು ನಿರ್ದೇಶಕ ಐಜಿ ಔನುಮ ಹೇಳಿದರು. ಬಿಟ್ಟದ್ದು ಎಲ್ಲೂ ಹೋಗದೆ ಹೀಗೆ ಬೇರೆ ಕಡೆ ಚಿಗುರುವುದೇ ಹೆಚ್ಚು. ಎರಡೂ ಡಂಜನ್ ಇದ್ದಿದ್ದರೆ ಗೇಮ್ ಚೆನ್ನಾಗಿರುತ್ತಿತ್ತು ಎಂದು ನಾನು ನಂಬುವುದಿಲ್ಲ. ಅರ್ಧಂಬರ್ಧ ಎರಡು ಡಂಜನ್ ಆಡುವುದಕ್ಕಿಂತ ಇಲ್ಲದಿರುವುದೇ ವಾಸಿ. ‘ಶ್ಯಾಡೋ ಆಫ್ ದಿ ಕೊಲೋಸಸ್’ ನೋಡಿ. 48 ದೈತ್ಯರೊಂದಿಗೆ ಶುರುವಾದ ಯೋಜನೆ 24ಕ್ಕೆ ಇಳಿದು ಕೊನೆಗೆ 16ರಲ್ಲಿ ನಿಂತಿತು. ಆ ಹದಿನಾರರಲ್ಲಿ ಒಂದೊಂದೂ ಮನಸ್ಸಿನಲ್ಲಿ ಉಳಿಯುವುದಕ್ಕೆ ಈ ಕಡಿತವೂ ಕಾರಣ.

ಇನ್ನು ನನಗೆ ಬಹಳ ಹತ್ತಿರದ ಗೇಮ್. ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’. ಮೊದಲ ಭಾಗವನ್ನು ಬಯೋವೇರ್ 2003ರಲ್ಲಿ ಮಾಡಿತ್ತು. ಎರಡನೆಯದು ಅದೇ ವರ್ಷ ಹುಟ್ಟಿದ ಅಬ್ಸಿಡಿಯನ್ ಎಂಬ ಸ್ಟುಡಿಯೊ ಪಾಲಿಗೆ ಬಂತು, ಅದರ ಮೊಟ್ಟಮೊದಲ ಗೇಮ್. 2004ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಿಡುಗಡೆ. ಒಂದೂವರೆ ವರ್ಷವೂ ಸಿಗದ ಅವಧಿಯಲ್ಲಿ ಅಷ್ಟು ದೊಡ್ಡ ಪಾತ್ರಾಭಿನಯದ ಗೇಮ್ ಬರೆದು ಮುಗಿಸಬೇಕಿತ್ತು. ಬರೆದದ್ದು ಅದ್ಭುತವಾಗಿತ್ತು. ಕ್ರೇಯಾ ಎಂಬ ಮುದುಕಿಯ ಪಾತ್ರವನ್ನು ನಾನು ಗೇಮ್ ಲೋಕದ ಅತ್ಯುತ್ತಮ ಪಾತ್ರಗಳಲ್ಲಿ ಒಂದು ಎಂದು ಎಲ್ಲಿ ಬೇಕಾದರೂ ವಾದಿಸುತ್ತೇನೆ. ಆದರೆ ಕೊನೆಯ ಗ್ರಹ ಮಲಕೋರ್ 5ಕ್ಕೆ ಬರುವ ಹೊತ್ತಿಗೆ ಎಲ್ಲ ಹರಿದುಹೋಗುತ್ತದೆ. ಇಡೀ ಆಟ ಜೊತೆಗಿದ್ದ ಸಂಗಾತಿಗಳು ಏನಾದರು ಎಂದೇ ತಿಳಿಯುವುದಿಲ್ಲ. ಒಂದು ದೃಶ್ಯದಲ್ಲಿ ಪುಟ್ಟ ರಿಮೋಟ್ ಯಂತ್ರವೊಂದು ಗ್ರಹವನ್ನೇ ನಾಶ ಮಾಡುವ ಕೆಲಸಕ್ಕೆ ಹೊರಟಿರುತ್ತದೆ. ಜಿ0-ಟಿ0 ಎಂಬ ಡ್ರಾಯ್ಡ್, ಅಂದರೆ ರೋಬಾಟ್, ಬಂದು ತಡೆಯುತ್ತದೆ. ದೃಶ್ಯ ಅಲ್ಲಿಗೇ ಮುಗಿಯಿತು. ಯಾರು ಗೆದ್ದರು? ಉತ್ತರವಿಲ್ಲ. ಎಚ್‌ಕೆ-50 ಡ್ರಾಯ್ಡ್‌ಗಳು ಎಲ್ಲಿ ತಯಾರಾಗುತ್ತವೆ ಎಂಬ ಎಳೆಯನ್ನು ಆಟದುದ್ದಕ್ಕೂ ಎಳೆದು, ಆ ಕಾರ್ಖಾನೆಗೆ ಕರೆದುಕೊಂಡೇ ಹೋಗುವುದಿಲ್ಲ. ಎಂ4-78 ಎಂಬ ಡ್ರಾಯ್ಡ್‌ಗಳ ಇಡೀ ಗ್ರಹವೇ ಬಿಟ್ಟುಹೋಗಿದೆ.

2005ರ ಫೆಬ್ರವರಿಯಲ್ಲಿ ಪಿಸಿ ಆವೃತ್ತಿ ಬಂದಾಗ ಫೈಲ್‌ಗಳನ್ನು ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಏನು ಗೊತ್ತೆ? ನಟರು ಸ್ಟುಡಿಯೊದಲ್ಲಿ ಕೂತು ಹೇಳಿದ ಮಾತುಗಳು. ಗೇಮ್‌ನಲ್ಲಿ ಎಲ್ಲೂ ಕೇಳಿಸದ ಸಂಭಾಷಣೆಗಳು ಡಿಸ್ಕ್‌ನಲ್ಲೇ ಇದ್ದವು. ಧ್ವನಿಮುದ್ರಣ ಮೊದಲೇ ಮುಗಿದಿತ್ತು, ದೃಶ್ಯ ಜೋಡಿಸಲು ಸಮಯ ಸಿಕ್ಕಿರಲಿಲ್ಲ. ಅಭಿಮಾನಿಗಳ ಒಂದು ಗುಂಪು ಶುರು ಮಾಡಿ ಕೈಬಿಟ್ಟ ಕೆಲಸವನ್ನು ಇನ್ನೊಂದು ಗುಂಪು ಎತ್ತಿಕೊಂಡು ಮುಗಿಸಿತು. ಆ ಕೆಲಸ ಎಷ್ಟು ಸೂಕ್ಷ್ಮ ಎಂದು ನೀವು ಊಹಿಸಬಲ್ಲಿರಿ. ಧ್ವನಿ ಇದೆ, ಆದರೆ ಪಾತ್ರ ಎಲ್ಲಿ ನಿಂತಿರಬೇಕು? ಕ್ಯಾಮೆರಾ ಎಲ್ಲಿ? ಮಾತಿನ ಫೈಲ್‌ನಲ್ಲಿ ‘ಇಂಥದ್ದು ನಡೆದಿದ್ದರೆ ಮಾತ್ರ ಈ ಸಾಲು’ ಎಂಬ ಷರತ್ತಿದೆ, ಆದರೆ ಆ ‘ಇಂಥದ್ದು’ ಬರೆದೇ ಇಲ್ಲ. ಒಂದೊಂದು ದೃಶ್ಯಕ್ಕೂ ಬರೆದವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಬೇಕು, ಊಹೆ ಎಲ್ಲಿ ನಿಲ್ಲಬೇಕು ಎಂದೂ ತಿಳಿದಿರಬೇಕು. ಅವರು ಕಾರ್ಖಾನೆಯನ್ನು ತಂದರು, ಮಲಕೋರ್‌ನ ದೃಶ್ಯಗಳನ್ನು ಜೋಡಿಸಿದರು. ಎಂ4-78 ಗ್ರಹವನ್ನು ಮಾತ್ರ ಇದರೊಳಗೆ ಸೇರಿಸಲಿಲ್ಲ. ಅದಕ್ಕೆ ಹೊಸದಾಗಿ ಬರೆದು ತುಂಬಬೇಕಾದ ಖಾಲಿ ಜಾಗ ಹೆಚ್ಚಿತ್ತು, ಹಾಗಾಗಿ ಅದು ಬೇರೆಯೇ ಮಾಡ್ (ಅಭಿಮಾನಿಗಳು ಮಾಡಿ ಗೇಮ್‌ಗೆ ಸೇರಿಸುವ ಮಾರ್ಪಾಡು) ಆಗಿ ಬಂತು. ಈ ವಿವೇಕ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಿಕ್ಕಿದ್ದನ್ನೆಲ್ಲ ತುರುಕುವುದು ಸುಲಭವಿತ್ತು.

2015ರಲ್ಲಿ ಗೇಮ್‌ಗೆ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ವರ್ಕ್‌ಶಾಪ್ ಸೌಲಭ್ಯ ಸಿಕ್ಕಿ, ಕತ್ತರಿಸಿದ ದೃಶ್ಯಗಳನ್ನು ಮರಳಿ ಜೋಡಿಸಿದ ಮಾಡ್ ಒಂದು ಕ್ಲಿಕ್ಕಿನಲ್ಲಿ ಸಿಗುವಂತಾಯಿತು. 2022ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಗೇಮ್ ಬಂದಾಗ, ಮರಳಿ ಜೋಡಿಸಿದ ಈ ಭಾಗವನ್ನು ಉಚಿತವಾಗಿ ಕೊಡುತ್ತೇವೆ ಎಂದು ಪ್ರಕಟಣೆಯಲ್ಲೇ ಹೇಳಿದ್ದರು. ಮರುವರ್ಷ ಜೂನ್‌ನಲ್ಲಿ ಅದನ್ನು ರದ್ದು ಮಾಡಿದರು. ಅಭಿಮಾನಿಗಳ ದುಡಿಮೆ ಅಧಿಕೃತವಾಗುವ ಹಂತಕ್ಕೆ ಬಂದು ತಪ್ಪಿಹೋದದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಡಿಸ್ಕ್‌ನಲ್ಲಿ ಉಳಿದದ್ದು ಅಪಾಯವೂ ಆಗಬಹುದು. 2004ರ ‘ಜಿಟಿಎ: ಸ್ಯಾನ್ ಆಂಡ್ರಿಯಾಸ್’ನಲ್ಲಿ ಒಂದು ಲೈಂಗಿಕ ಮಿನಿಗೇಮ್ ಇತ್ತು. ಬೇಡ ಎಂದು ನಿರ್ಧರಿಸಿ ಆಫ್ ಮಾಡಿದ್ದರು, ಕೋಡ್ ಕಿತ್ತಿರಲಿಲ್ಲ. 2005ರ ಜೂನ್‌ನಲ್ಲಿ ‘ಹಾಟ್ ಕಾಫಿ’ ಎಂಬ ಮಾಡ್ ಅದನ್ನು ತೆರೆಯಿತು. ಜುಲೈನಲ್ಲಿ ಅಮೆರಿಕದ ರೇಟಿಂಗ್ ಮಂಡಳಿ ಗೇಮ್ ಅನ್ನು ವಯಸ್ಕರಿಗೆ ಮಾತ್ರ ಎಂಬ ವರ್ಗಕ್ಕೆ ಹಾಕಿತು. ದೊಡ್ಡ ಅಂಗಡಿಗಳು ಕಪಾಟಿನಿಂದ ತೆಗೆದವು, ಕೋರ್ಟು, ಫೆಡರಲ್ ಟ್ರೇಡ್ ಕಮಿಷನ್ ತನಕ ಹೋಯಿತು. ಅಲ್ಲಿಂದೀಚೆಗೆ ಡಿಸ್ಕ್‌ನಲ್ಲಿ ಮುಚ್ಚಿಟ್ಟ ವಿಷಯವಿದ್ದರೂ ಮಂಡಳಿಗೆ ತಿಳಿಸಬೇಕು. ಆಟಗಾರ ನೋಡದ ಫೋಲ್ಡರ್ ಎಂದು ಮಾಡುವವರು ಏನನ್ನಾದರೂ ಬಿಡುವ ಕಾಲ ಅಲ್ಲಿಗೆ ಮುಗಿಯಿತು.

ಇದು ನಮ್ಮೂರಿಗೂ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಶುರುವಾಯಿತು. ಹೊರದೇಶದ ದೊಡ್ಡ ಗೇಮ್‌ಗಳಿಗೆ ಬೇಕಾದ ಚಿತ್ರ, ಮಾಡೆಲ್ ಕೆಲಸಕ್ಕೆ ಹೆಸರಾಯಿತು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡು ಬೆಂಗಳೂರಿನ ತನ್ನ ಸ್ಟುಡಿಯೊಗೆ ಸೇರಿಸಿಕೊಂಡಿತು. ನಿಮ್ಮಲ್ಲಿ ಹಲವರು ಇಂಥ ಕಡೆ ಕೆಲಸಕ್ಕೆ ಹೋಗುತ್ತೀರಿ. ವಾರಗಟ್ಟಲೆ ಕೂತು ಮಾಡಿದ ಒಂದು ಬಸ್ಸು, ಒಂದು ಗೋಡೆ, ಒಂದು ಅಂಗಡಿಯ ಬೋರ್ಡು ಸಾವಿರಾರು ಮೈಲಿ ಆಚೆ ತೆಗೆದುಕೊಂಡ ತೀರ್ಮಾನದಿಂದ ಬಿದ್ದುಹೋಗಬಹುದು. ಯಾಕೆ ಎಂದು ನಿಮಗೆ ಯಾರೂ ಹೇಳದಿರಲೂಬಹುದು. ಆಗ ಕುಗ್ಗಬೇಡಿ. ನಿಮ್ಮ ಕೆಲಸ ಕೆಟ್ಟದ್ದಿತ್ತು ಎಂದು ಅದರ ಅರ್ಥವಲ್ಲ. ಆ ಬಸ್ಸು ಓಡಬೇಕಿದ್ದ ರಸ್ತೆಯೇ ಹೋಗಿರುತ್ತದೆ.

ಹಾಗಾದರೆ ಇವನ್ನೆಲ್ಲ ಯಾರು ಕಾಪಾಡುತ್ತಿದ್ದಾರೆ? ‘ದಿ ಕಟಿಂಗ್ ರೂಮ್ ಫ್ಲೋರ್’ ಎಂಬ ವಿಕಿಯಲ್ಲಿ ಸಾವಿರಾರು ಗೇಮ್‌ಗಳ ಬಳಸದ ಚಿತ್ರ, ಸದ್ದು, ಪಠ್ಯವನ್ನು ಸ್ವಯಂಸೇವಕರು ದಾಖಲಿಸಿದ್ದಾರೆ. ಅಮೆರಿಕದಲ್ಲಿ ಫ್ರಾಂಕ್ ಸಿಫಾಲ್ಡಿ 2017ರಲ್ಲಿ ಕಟ್ಟಿದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಇದೆ. ಅಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇ. 87ರಷ್ಟು ಇವತ್ತು ಮಾರಾಟದಲ್ಲಿಲ್ಲ ಎಂದು 2023ರ ಅವರ ಅಧ್ಯಯನ ತೋರಿಸಿತು. ಬಿಡುಗಡೆಯಾದವುಗಳ ಗತಿಯೇ ಹೀಗಿದ್ದರೆ ಬಿಡುಗಡೆಯಾಗದ ಭಾಗಗಳನ್ನು ಕೇಳುವವರು ಯಾರು?

ಕಂಪನಿಗಳು ಮನಸ್ಸು ಮಾಡಿದರೆ ಆಗುತ್ತದೆ. ‘ಸ್ಟಾರ್ ಫಾಕ್ಸ್ 2’ ತೊಂಬತ್ತರ ದಶಕದಲ್ಲಿ ಮಾಡಿ ಮುಗಿಸಿದರೂ ನಿಂಟೆಂಡೊ ಬಿಡುಗಡೆ ಮಾಡದೆ ಇಟ್ಟುಕೊಂಡ ಗೇಮ್. 2017ರಲ್ಲಿ ಪುಟ್ಟ ಸೂಪರ್ ನಿಂಟೆಂಡೊ ಯಂತ್ರದೊಳಗೆ ಹಾಕಿ ಕೊಟ್ಟರು. ‘ಹೇಲೋ 2’ ಬರುವ ಮುಂಚೆ 2003ರ ಇ3 ಎಂಬ ಗೇಮ್ ಪ್ರದರ್ಶನದಲ್ಲಿ ತೋರಿಸಿದ ಲೆವೆಲ್ ಆ ಗೇಮ್‌ನಲ್ಲಿ ಇರಲೇ ಇಲ್ಲ. 2024ರಲ್ಲಿ, ಗೇಮ್‌ಗೆ ಇಪ್ಪತ್ತು ತುಂಬಿದಾಗ, ಹಳೆಯ ಫೈಲ್‌ಗಳನ್ನು ಅಭಿಮಾನಿ ಮಾಡರ್‌ಗಳ ಕೈಗೆ ಕೊಟ್ಟು ಆಡುವ ಹಾಗೆ ಮಾಡಿಸಿದರು. ನನಗೆ ಬೇಕಾದ ಮಾದರಿ ಇದು. ಹಕ್ಕು ಇರುವವರು ಬಾಗಿಲು ತೆರೆದರು, ಪ್ರೀತಿ ಇರುವವರು ಕೆಲಸ ಮಾಡಿದರು.

ಕೇಳುಗರಲ್ಲಿ ಒಬ್ಬರು ಕೇಳಿದರು: “ಸರ್, 2020ರಲ್ಲಿ ನಿಂಟೆಂಡೊ ಫೈಲ್‌ಗಳು ಸೋರಿಕೆಯಾಗಿ ‘ಸೂಪರ್ ಮಾರಿಯೊ 64’ರ ಲುಯಿಜಿ ಸಿಕ್ಕಿದನಲ್ಲ, ಅದು ಒಳ್ಳೆಯದಲ್ಲವೆ?” ಮಾರಿಯೊನ ತಮ್ಮ ಲುಯಿಜಿ ಆ ಗೇಮ್‌ನಲ್ಲಿ ಅಡಗಿದ್ದಾನೆ ಎಂಬ ವದಂತಿ 1996ರಿಂದ ಇತ್ತು, ಅವನ ಮಾಡೆಲ್‌ನ ತುಣುಕುಗಳು ಸಿಕ್ಕಾಗ ನನಗೂ ರೋಮಾಂಚನವಾಯಿತು, ಮುಚ್ಚಿಡುವುದಿಲ್ಲ. ಆದರೆ ನೀವು ಕೊಂಡ ಕಾರ್ಟ್ರಿಡ್ಜ್‌ನ ಒಳಗನ್ನು ನೀವು ಬಿಚ್ಚಿ ನೋಡುವುದು ಬೇರೆ, ಕಂಪನಿಯ ಸರ್ವರ್‌ನಿಂದ ಕದಿಯುವುದು ಬೇರೆ. 2003ರಲ್ಲಿ ‘ಹಾಫ್-ಲೈಫ್ 2’ ಇನ್ನೂ ತಯಾರಾಗುತ್ತಿರುವಾಗಲೇ ಅದರ ಕೋಡ್ ಕದ್ದು ಹರಡಿದರು. ಮುಗಿಯದ ಕೆಲಸ ಊರೆಲ್ಲ ಹರಿದಾಡುವುದನ್ನು ಮಾಡಿದವರು ನೋಡಬೇಕಾಯಿತು. ಕಳವಿನಿಂದ ಬಂದದ್ದನ್ನು ಇತಿಹಾಸಕಾರರು ಅಭ್ಯಾಸ ಮಾಡಲಿ, ಕಳವನ್ನು ಹೊಗಳುವುದು ಬೇಡ.

ಇನ್ನೊಬ್ಬರು ಕೇಳಿದರು: “ಕಾಲೇಜಿನಲ್ಲಿ ನಮ್ಮ ಮೇಡಂ ಗೇಮ್ ಪ್ರಾಜೆಕ್ಟ್ ಮಾಡಿಸುತ್ತಿದ್ದಾರೆ. ನಾವು ಬಿಟ್ಟದ್ದನ್ನು ಏನು ಮಾಡಬೇಕು?” ಬಿಡುಗಡೆ ಮಾಡುವ ಬಿಲ್ಡ್‌ನಿಂದ, ಅಂದರೆ ಆಡಲು ಸಿದ್ಧಪಡಿಸಿದ ಪ್ರತಿಯಿಂದ, ಪೂರ್ತಿ ತೆಗೆಯಿರಿ. ಅದಕ್ಕೆ ಮುಂಚಿನ ಬಿಲ್ಡ್ ಒಂದನ್ನು ತಾರೀಖು ಹಾಕಿ ಬೇರೆ ಇಡಿ. ಜೊತೆಗೆ ಒಂದು ಪುಟ್ಟ ಪಠ್ಯದ ಫೈಲ್ ಇರಲಿ. ಏನು ತೆಗೆದಿರಿ, ಯಾರು ಮಾಡಿದ್ದು, ಯಾಕೆ ಬೇಡವಾಯಿತು ಎಂದು ಬರೆದಿಡಿ. ಮಾಡಿದವರ ಹೆಸರು ಕ್ರೆಡಿಟ್ಸ್‌ನಲ್ಲಿ ಉಳಿಯಲಿ, ಕೆಲಸ ಉಳಿಯದಿದ್ದರೂ. ನಾಳೆ ಕಂಪನಿ ಸೇರಿದಾಗ ಮಾತ್ರ ಹೀಗೆ ಮನೆಗೆ ತರುವ ಹಾಗಿಲ್ಲ, ಆ ಫೈಲ್‌ಗಳು ಅವರವು. ಗೇಮ್ ಬಿಡುಗಡೆಯಾದ ಮೇಲೆ ಬಳಸದ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಬಹುದೇ ಎಂದು ಲಿಖಿತವಾಗಿ ಕೇಳಿ. ಕೆಲವರು ಆಗದು ಎನ್ನುತ್ತಾರೆ, ಕೆಲವರು ಒಪ್ಪುತ್ತಾರೆ. ಒಪ್ಪಿದವರ ಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.